ದೊಡ್ಡ ಸ್ವಾಮಿಯವರೂ ಕೊಬ್ಬಿಸಿದ ಕರುವೂ

ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ನಿಮ್ಮ ಮನೆಯ ಅಡುಗೆಕೋಣೆ ಹೇಗಿರುತ್ತದೆಂದು ಸ್ವಲ್ಪ ನೆನಪಿಸಿಕೊಳ್ಳಿ. ಒಲೆಯ ಮೇಲೆ ಎಣ್ಣೆಯ ಬಾಣಲೆ, ಪಕ್ಕದಲ್ಲಿ ಕಜ್ಜಾಯದ ಹಿಟ್ಟು, ಮೊರದ ತುಂಬ ಚಕ್ಕುಲಿ, ಹಳೆಯ ಪೇಪರಿನ ಮೇಲೆ ಆರಲು ಹರಡಿದ ಅಚ್ಚಪ್ಪ. ನಮ್ಮ ಅಬ್ಬಿಗೆರೆಯಂಥ ಊರಿನಲ್ಲಿ ಹಬ್ಬದ ತಿಂಡಿ ಎಂದರೆ ಮನೆಯವರಿಗೆ ಮಾತ್ರವಲ್ಲ. ಕೆಲಸ ಹುಡುಕಿಕೊಂಡು ಹಾಸನದಿಂದ ಬಂದವರು, ಕೋಲಾರದಿಂದ ಬಂದವರು, ತಮಿಳುನಾಡಿನಿಂದ, ಕರಾವಳಿಯಿಂದ ಬಂದವರು ಒಂದೇ ಸಾಲಿನ ಬಾಡಿಗೆ ಮನೆಗಳಲ್ಲಿ ಬದುಕುವ ಜಾಗ ಇದು. ಯುಗಾದಿಗೆ ಅವರ ಮನೆಯಿಂದ ಒಬ್ಬಟ್ಟು ಬಂದಿರುತ್ತದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಬಂದಿರುತ್ತದೆ. ಆದ್ದರಿಂದ ಕ್ರಿಸ್ಮಸ್ಸಿಗೆ ನಮ್ಮ ಮನೆಯ ತಟ್ಟೆ ಅವರ ಮನೆಗೆ ಹೋಗಲೇಬೇಕು.

ಆಗ ಮನೆಯ ತಾಯಿ ಒಂದು ಕೆಲಸ ಮಾಡುತ್ತಾಳೆ. ಪಕ್ಕದ ಮನೆಯವರು ಮಾಂಸ ಮೊಟ್ಟೆ ಮುಟ್ಟುವವರಲ್ಲ ಎಂದು ಅವಳಿಗೆ ಗೊತ್ತು. ಅವರಿಗೆಂದೇ ಬೇರೆ ಬಾಣಲೆ ಇಟ್ಟು ಹೊಸ ಎಣ್ಣೆಯಲ್ಲಿ ಕರಿಯುತ್ತಾಳೆ. ಮೊಟ್ಟೆ ಹಾಕಿದ ಕೇಕಿನ ಚೂರು ಆ ತಟ್ಟೆಯಲ್ಲಿ ಸೇರದಂತೆ ನೋಡಿಕೊಳ್ಳುತ್ತಾಳೆ. ಮೇಲೆ ಮಡಿ ಬಟ್ಟೆ ಮುಚ್ಚಿ ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸುತ್ತಾಳೆ. ಇದನ್ನು ಯಾವ ಗುರುಗಳೂ ಪೀಠದಿಂದ ಬೋಧಿಸಿಲ್ಲ. ಯಾವ ಮಹಾಸಭೆಯೂ ಇದಕ್ಕೊಂದು ನಿಯಮ ಬರೆದಿಲ್ಲ. ನೆರೆಯವರ ಮನಸ್ಸು ನೋಯಬಾರದು ಎಂಬ ಪ್ರೀತಿಯೇ ಅವಳಿಗೆ ಅದನ್ನು ಕಲಿಸಿದೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ನಮ್ಮ ಕನ್ನಡ ನಾಡಿನಲ್ಲಿ ದುಡಿದ ಒಬ್ಬ ಗುರುಗಳಿಗೆ ಅವರ ಭಕ್ತಾದಿಗಳು ಇಂಥದೇ ಒಂದು ಪಾಠ ಹೇಳಿಕೊಟ್ಟರು. ಆದರೆ ಅದು ತಿಂಡಿಯ ತಟ್ಟೆಯ ವಿಷಯವಾಗಿರಲಿಲ್ಲ, ಯೇಸುಸ್ವಾಮಿ ಹೇಳಿದ ಒಂದು ಸಾಮತಿಯ ವಿಷಯವಾಗಿತ್ತು. ಆ ಘಟನೆಯನ್ನು ಆ ಗುರುಗಳೇ ಬರೆದಿಟ್ಟಿದ್ದಾರೆ. ಓದಿದರೆ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಮಾತ್ರ ಒಂದು ಮುಳ್ಳು ನಮ್ಮೊಳಗೇ ಉಳಿಯುತ್ತದೆ. ಅವರ ಬಾಳಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅವರ ಹೆಸರು ಜೀನ್ ಆಂಟ್ವಾನ್ ದ್ಯುಬ್ವಾ. ಇತಿಹಾಸದ ಪುಸ್ತಕಗಳಲ್ಲಿ ಅಬ್ಬೆ ದ್ಯುಬ್ವಾ ಎಂದೇ ಪ್ರಸಿದ್ಧರು. ಹೆಸರಿನಲ್ಲೇ ನಮಗೆ ಒಂದು ತಮಾಷೆ ಇದೆ ನೋಡಿ. ಫ್ರೆಂಚ್ ಭಾಷೆಯಲ್ಲಿ ಅಬ್ಬೆ ಎಂದರೆ ಗುರು. ಅಪ್ಪ ಎಂಬರ್ಥದ ಅಬ್ಬಾ ಎಂಬ ಮಾತಿನಿಂದ ಬಂದದ್ದು. ಹಳೆಯ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಅಪ್ಪನಾಗಿ ಬಂದವರು ಕನ್ನಡದ ಗಡಿ ದಾಟುವಷ್ಟರಲ್ಲಿ ಅವ್ವನಾಗಿಬಿಟ್ಟರು! ಒಳ್ಳೆಯ ಗುರುವಿಗೆ ಎರಡು ಹೆಸರೂ ಸಲ್ಲುತ್ತವೆ ಎಂದು ಬೇಕಾದರೆ ಅಂದುಕೊಳ್ಳೋಣ.

ಅವರು ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ. ಗುರುದೀಕ್ಷೆ ಪಡೆದದ್ದು 1792ರಲ್ಲಿ. ಆ ವರ್ಷದ ಫ್ರಾನ್ಸನ್ನು ನೆನೆದರೆ ಮೈ ನಡುಗುತ್ತದೆ. ಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿತ್ತು. ಹೊಸ ಸರ್ಕಾರಕ್ಕೆ ಅದು ಬಯಸಿದಂತೆ ಪ್ರಮಾಣ ಮಾಡದ ಗುರುಗಳನ್ನು ಸೆರೆಗೆ ತಳ್ಳುತ್ತಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳು ಕೊಲೆಯಾದರು. ಅದಕ್ಕೆ ಕೆಲವೇ ತಿಂಗಳ ಮುಂಚೆ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯನ್ನು ಸೇರಿದ್ದ ಇಪ್ಪತ್ತಾರರ ಯುವಕ ದ್ಯುಬ್ವಾ ಹಡಗು ಹತ್ತಿ ಭಾರತದ ಕಡೆ ಹೊರಟುಬಿಟ್ಟಿದ್ದರು. ಊರಲ್ಲೇ ಉಳಿದಿದ್ದರೆ ಸಂಗಡಿಗರಿಗೆ ಬಂದ ಗತಿಯೇ ತಮಗೂ ಬರುತ್ತಿತ್ತು ಎಂದು ಮುಂದೆ ಅವರೇ ಒಪ್ಪಿಕೊಂಡರು.

ಆಗ ದಕ್ಷಿಣ ಭಾರತದ ಕಥೋಲಿಕ ಧರ್ಮಸಭೆ ಕುರುಬನಿಲ್ಲದ ಮಂದೆಯಂತಿತ್ತು. ಒಂದೂವರೆ ಶತಮಾನದ ಕಾಲ ಇಲ್ಲಿ ದುಡಿದಿದ್ದ ಯೇಸುಸಭೆಯನ್ನು 1773ರಲ್ಲಿ ಜಗದ್ಗುರುಗಳೇ ವಿಸರ್ಜಿಸಿದ್ದರು. ಅವರು ಬಿಟ್ಟುಹೋದ ಕೆಲಸವನ್ನು ಹೊತ್ತ ಫ್ರೆಂಚ್ ಗುರುಗಳು ಕೈಬೆರಳಿನಲ್ಲಿ ಎಣಿಸುವಷ್ಟು ಜನ. ಪಾಂಡಿಚೇರಿಯಲ್ಲಿ ಇಳಿದ ದ್ಯುಬ್ವಾ ಮೊದಲು ತಮಿಳು ಸೀಮೆಯಲ್ಲಿ ಭಾಷೆ ಕಲಿತು, ಜನರ ನಡೆನುಡಿ ಕಲಿತು, ದುಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದರು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತರಲಾಗಿದ್ದ ಕ್ರೈಸ್ತರಲ್ಲಿ ಬದುಕುಳಿದವರು ಹದಿನೈದು ವರ್ಷಗಳ ಮೇಲೆ ಬಿಡುಗಡೆ ಕಂಡರು. ಅನೇಕರು ಒತ್ತಾಯಕ್ಕೆ ಸಿಕ್ಕಿ ಧರ್ಮ ಬಿಟ್ಟಿದ್ದರು. ನಾಚಿಕೆ, ಅಂಜಿಕೆ, ಗೊಂದಲ ತುಂಬಿದ ಆ ಜನರನ್ನು ಮರಳಿ ಮನೆಗೆ ಸೇರಿಸಿಕೊಳ್ಳುವ ಕೆಲಸಕ್ಕೆ ಮೈಸೂರು ಸೀಮೆಗೆ ಬಂದವರೇ ನಮ್ಮ ದ್ಯುಬ್ವಾ ಗುರುಗಳು. ಹಿಂತಿರುಗಿದ ಮಗನನ್ನು ಬಾಗಿಲಲ್ಲೇ ಅಪ್ಪಿಕೊಂಡ ತಂದೆಯ ಕೆಲಸ ಅದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವರು ಬದುಕಿದ ರೀತಿ ನೋಡಿ. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಗಡ್ಡ, ಕೈಯಲ್ಲೊಂದು ಬಿದಿರುಕೋಲು. ಮದ್ರಾಸಿನಲ್ಲಿದ್ದ ಚಿತ್ರಕಾರ ಥಾಮಸ್ ಹಿಕಿ ಬರೆದ ಅವರ ಚಿತ್ರವನ್ನು ಕಂಡವರು ಇವರು ಯೂರೋಪಿನವರು ಎಂದು ಸುಲಭವಾಗಿ ಹೇಳಲಾರರು. ಯೂರೋಪಿಯನ್ನರ ಸಹವಾಸವನ್ನು ಆದಷ್ಟು ದೂರವಿಟ್ಟು, ಉಡುಗೆ ಊಟ ವಾಸ ಎಲ್ಲದರಲ್ಲೂ ಸುತ್ತಲಿನವರಂತೆ ಆಗಲು ಅವರು ಯತ್ನಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಅವರು ಹೋಗಿ ಎಷ್ಟೋ ಕಾಲವಾದ ಮೇಲೂ ಮೈಸೂರು ಸೀಮೆಯಲ್ಲಿ ಕ್ರೈಸ್ತರೂ ಹಿಂದೂಗಳೂ ಅವರನ್ನು ಫ್ರಾನ್ಸಿನ ರಾಜಕುಮಾರನೆಂದೇ ನೆನೆಯುತ್ತಿದ್ದರಂತೆ. ಹಳ್ಳಿಯಿಂದ ಬಂದ ಗುರುಗಳನ್ನು ನಮ್ಮ ಜನ ಖರ್ಚಿಲ್ಲದೆ ರಾಜಮನೆತನಕ್ಕೆ ಸೇರಿಸಿಬಿಟ್ಟರು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನ ದೇವಾಲಯ ಇಂದಿಗೂ ಇದೆ. ನಾವು ಸೆಪ್ಟೆಂಬರ್ 8ಕ್ಕೆ ಬಸ್ಸು ಹಿಡಿದು ಹೋಗುವ ಶಿವಾಜಿನಗರದ ಮಾತೆಯ ಬೆಸಿಲಿಕಾ ಇರುವ ಜಾಗದಲ್ಲಿ 1818ರ ಹೊತ್ತಿಗೆ ಒಂದು ಚಿಕ್ಕ ಗುಡಿ ಎದ್ದದ್ದೂ ಅವರಿಂದಲೇ ಎಂಬುದು ಪರಂಪರೆಯ ಮಾತು. ಈಗಿನ ಭವ್ಯ ದೇವಾಲಯ ಅಭಿಷಿಕ್ತವಾದದ್ದು 1882ರಲ್ಲಿ.

ಅವರು ಮಾಡಿದ ಎರಡು ಕೆಲಸಗಳನ್ನು ವಿಶೇಷವಾಗಿ ಹೇಳಬೇಕು.

ಒಂದು, ಹಾಸನದ ಬಳಿಯ ಸಾತಳ್ಳಿ. ನೆಲೆ ಇಲ್ಲದೆ ಅಲೆಯುತ್ತಿದ್ದ ಕ್ರೈಸ್ತ ಕುಟುಂಬಗಳನ್ನು ಒಂದೆಡೆ ನಿಲ್ಲಿಸಿ, ನೆಲ ಉಳುವ ಒಕ್ಕಲುಗಳನ್ನಾಗಿ ಮಾಡಲು ಅವರು ಅಲ್ಲಿ ಕ್ರೈಸ್ತರ ಬೇಸಾಯದ ನೆಲೆಯನ್ನು ಕಟ್ಟಿದರು. ಬರೀ ಪ್ರಬೋಧನೆಯಿಂದ ಹೊಟ್ಟೆ ತುಂಬದು, ಹೊಟ್ಟೆ ತುಂಬದವನಿಗೆ ಊರೂ ಇಲ್ಲ ಮಾನವೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಾತಳ್ಳಿಯ ಕಡೆಯಿಂದ ಬಂದ ಕುಟುಂಬಗಳು ಇಂದು ಬೆಂಗಳೂರಿನ ಧರ್ಮಕೇಂದ್ರಗಳಲ್ಲೂ ಇವೆ. ಅವರನ್ನು ಕೇಳಿ ನೋಡಿ, ಆ ಊರಿನ ಬಗ್ಗೆ ಅವರಿಗಿರುವ ಅಭಿಮಾನ ತಿಳಿಯುತ್ತದೆ.

ಇನ್ನೊಂದು, ಸಿಡುಬು. ಇಂದಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ತೊಲಗಿತೆಂದು ಸಾರಿತು. ಅಂದು ಮಾತ್ರ ಅದು ಮನೆಮನೆಯ ಮೃತ್ಯು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನಿಂದ ದಾಕು ಹಾಕುವ ಉಪಾಯ ಕಂಡುಹಿಡಿದರು. 1802ರ ಜೂನಿನಲ್ಲಿ ಅದು ಮುಂಬಯಿಗೆ ಬಂತು. ಆಗ ಔಷಧಿಯ ಶೀಷೆಯೂ ಇಲ್ಲ, ಐಸ್ ಪೆಟ್ಟಿಗೆಯೂ ಇಲ್ಲ. ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಎಂಟು ದಿನಕ್ಕೆ ಗುಳ್ಳೆ ಏಳುತ್ತಿತ್ತು. ಅದರ ರಸವನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ. ಯಾರ ಮಗುವಿನ ರಸ ಯಾರ ಮಗುವಿಗೆ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ? ದೇವಿ ಮುನಿದಾಳು ಎಂಬ ಭಯ ಒಂದು ಕಡೆ, ಕುಲ ಕೆಟ್ಟೀತು ಎಂಬ ಭಯ ಇನ್ನೊಂದು ಕಡೆ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಈ ಕೆಲಸಕ್ಕೆ ಬೆಂಬಲವಾಯಿತು. ಮುಂದೆ ದ್ಯುಬ್ವಾ ಅವರ ಚಿತ್ರ ಬರೆದ ಅದೇ ಹಿಕಿ 1805ರಲ್ಲಿ ಬರೆದ ಮೈಸೂರಿನ ರಾಣಿಯರ ಚಿತ್ರ ದಾಕು ಹಾಕಿಸಿಕೊಳ್ಳಲು ಜನರಿಗೆ ಧೈರ್ಯ ಕೊಡುವುದಕ್ಕಾಗಿಯೇ ಇದ್ದಿರಬೇಕು ಎಂಬುದು ಕೆಲವು ಇತಿಹಾಸಕಾರರ ಅಭಿಪ್ರಾಯ. ನಮ್ಮ ಗುರುಗಳಂತೂ ಊರೂರು ಸುತ್ತಿ ಜನರನ್ನು ಒಪ್ಪಿಸಿದರು. 1803 ಮತ್ತು 1804ರಲ್ಲಿ ಅವರ ಮುಂದಾಳತ್ವದಲ್ಲಿ 25,432 ಜನರಿಗೆ ದಾಕು ಹಾಕಲಾಯಿತೆಂಬ ಲೆಕ್ಕ ಉಳಿದುಬಂದಿದೆ.

ಈಗ ಆ ತಮಾಷೆಯ ಕಥೆಗೆ ಬರೋಣ.

ಒಮ್ಮೆ ದ್ಯುಬ್ವಾ ಗುರುಗಳು ತಮ್ಮ ಭಕ್ತಾದಿಗಳಿಗೆ ಸಂತ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ವಿವರಿಸುತ್ತಿದ್ದರು. ತಪಸ್ಸು ಕಾಲದಲ್ಲಿ ನಾವು ಕೇಳುವ ದುಂದುಗಾರ ಮಗನ ಸಾಮತಿ. ಆಸ್ತಿ ಕೇಳಿ ತೆಗೆದುಕೊಂಡು ದೂರ ದೇಶಕ್ಕೆ ಹೋದ ಕಿರಿಮಗ ಎಲ್ಲವನ್ನೂ ಹಾಳುಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಬಂದು, ಕೊನೆಗೆ ತಲೆ ತಗ್ಗಿಸಿಕೊಂಡು ಮನೆಗೆ ಮರಳುತ್ತಾನೆ. ದೂರದಿಂದಲೇ ಕಂಡ ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಹೊಸ ಅಂಗಿ, ಉಂಗುರ, ಪಾದರಕ್ಷೆ. ಆಮೇಲೆ ಸಂತೋಷದ ಔತಣಕ್ಕೆ ಕೊಬ್ಬಿಸಿದ ಕರುವನ್ನು ಕೊಯ್ಯಿಸುತ್ತಾನೆ. ಪಾಠ ಮುಗಿಯಿತು. ದೇವರ ಕರುಣೆಯನ್ನು ಕೇಳಿ ಜನರ ಕಣ್ಣಲ್ಲಿ ನೀರು ಬರಬೇಕಾಗಿತ್ತು. ಬಂದದ್ದು ಸಿಡಿಮಿಡಿ! ಕೆಲವರು ಮುಖ ಗಂಟಿಕ್ಕಿಕೊಂಡು ಗುರುಗಳ ಬಳಿಗೆ ಬಂದರು. ಕರುವಿನ ಮಾತು ಎತ್ತಿದ್ದು ಸರಿಯಲ್ಲ ಎಂದರು. ಹಿಂದೂಗಳು ಯಾರಾದರೂ ಅಲ್ಲಿದ್ದು ಇದನ್ನು ಕೇಳಿದ್ದರೆ ಕ್ರೈಸ್ತರದು ಹೊಲಗೇರಿಯ ಧರ್ಮವೇ ಸರಿ ಎಂದು ತೀರ್ಮಾನಿಸುತ್ತಿದ್ದರು ಎಂದರು. ಕೊನೆಗೆ ಒಂದು ಸಲಹೆಯನ್ನೂ ಕೊಟ್ಟರು: ಇನ್ನು ಮುಂದೆ ಈ ಸಾಮತಿ ಹೇಳುವಾಗ ಕರುವನ್ನು ಬಿಟ್ಟು ಒಂದು ಕುರಿಮರಿಯನ್ನು ಕೊಯ್ಯಿಸಿ, ಎಂದು.

ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ತನ್ನ ಉಡುಗೆ ಬಿಟ್ಟು, ಊಟ ಬಿಟ್ಟು, ದೇಶ ಬಿಟ್ಟು ಬಂದ ಮನುಷ್ಯ ಕೊನೆಗೆ ಎಡವಿದ್ದು ಒಂದು ಕರುವಿನ ಮೇಲೆ. ಅದೂ ಸಾಮತಿಯೊಳಗಿನ ಕರು!

ದ್ಯುಬ್ವಾ ನಗೆಯ ಮನುಷ್ಯರೇ ಆಗಿದ್ದರು. 1826ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಪಂಚತಂತ್ರದ ಆಯ್ದ ಕಥೆಗಳನ್ನು ಫ್ರೆಂಚಿಗೆ ತಂದಾಗ, ಮಧುರೆ ಸೀಮೆಯ ಯೇಸುಸಭೆಯ ಗುರು ಬೆಸ್ಕಿ ತಮಿಳಿನಲ್ಲಿ ಬರೆದಿದ್ದ ಪೆದ್ದ ಪರಮಾರ್ಥ ಗುರುವಿನ ಕಥೆಯನ್ನೂ ಸೇರಿಸಿದರು. ನಾಲ್ವರು ಕಿವುಡರ ಕಥೆಯೂ ಅದರಲ್ಲಿದೆ. ಕಿವುಡ ಕುರುಬನೊಬ್ಬ ತನ್ನ ಮಂದೆ ನೋಡಿಕೊಂಡದ್ದಕ್ಕೆ ಒಂದು ಕುಂಟು ಕುರಿಯನ್ನು ಉಡುಗೊರೆ ಕೊಡಲು ಹೋದರೆ, ಕಿವುಡ ತಳವಾರ ಕುರಿಯ ಕಾಲು ಮುರಿದವನು ತಾನಲ್ಲ ಎಂದು ಕೂಗಾಡುತ್ತಾನೆ. ನ್ಯಾಯ ಕೇಳಲು ಕುದುರೆ ಸವಾರನನ್ನು ತಡೆದರೆ, ಅವನೂ ಕಿವುಡ. ದಾರಿಯಲ್ಲಿ ಸಿಕ್ಕಿದ ಕುದುರೆಯನ್ನು ಕೇಳಲು ಬಂದಿದ್ದಾರೆ ಎಂದುಕೊಳ್ಳುತ್ತಾನೆ. ಕೊನೆಗೆ ಸಿಕ್ಕಿದ ಕಿವುಡ ಬ್ರಾಹ್ಮಣ, ಜಗಳವಾಡಿ ಬಿಟ್ಟುಬಂದ ಹೆಂಡತಿಯೇ ತನ್ನನ್ನು ಕರೆತರಲು ಇವರನ್ನು ಕಳುಹಿಸಿದ್ದಾಳೆ ಎಂದು ಭಾವಿಸುತ್ತಾನೆ. ಪ್ರತಿಯೊಬ್ಬನ ಕಿವಿಗೂ ಕೇಳಿಸುವುದು ಅವನವನ ಮನಸ್ಸಿನ ಅಂಜಿಕೆಯೇ. ಪ್ರಬೋಧನೆ ಮಾಡುವ ಯಾವ ಗುರುವಿಗೂ ಈ ಕಥೆ ಬೇಗ ಅರ್ಥವಾಗುತ್ತದೆ!

ಆದರೆ ಕರುವಿನ ಪ್ರಸಂಗವನ್ನು ದ್ಯುಬ್ವಾ ನಗಿಸಲು ಬರೆಯಲಿಲ್ಲ. ಮೂವತ್ತು ವರ್ಷಗಳ ದುಡಿಮೆಯ ನಂತರ 1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟು ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಪುಸ್ತಕ ಹೊರಬಂತು. ಇಲ್ಲಿ ಶುಭಸಂದೇಶದ ಕೆಲಸಕ್ಕೆ ಭವಿಷ್ಯವಿಲ್ಲ, ಬೈಬಲನ್ನು ಇಲ್ಲಿನ ಭಾಷೆಗಳಿಗೆ ಅನುವಾದಿಸಿ ಹಂಚಿದರೂ ಪ್ರಯೋಜನವಿಲ್ಲ ಎಂಬುದು ಅದರ ಸಾರ. ಅದಕ್ಕೆ ಕೊಟ್ಟ ಸಾಕ್ಷಿಗಳಲ್ಲಿ ಈ ಕೊಬ್ಬಿಸಿದ ಕರುವೂ ಒಂದು. ಪ್ರೊಟೆಸ್ಟಂಟ್ ಪಾದ್ರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಮರುವರ್ಷವೇ ಅದಕ್ಕೆ ಉತ್ತರವಾಗಿ ಪುಸ್ತಕಗಳನ್ನು ಬರೆದರು.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಇದು ನಗುವಂಥದ್ದಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬ ದೇಶೀಯ ಗುರುವಿನ ಸಹಾಯದಿಂದ ತಾವು ದೀಕ್ಷಾಸ್ನಾನ ಕೊಟ್ಟ ಹೊಸಬರು ಇನ್ನೂರು ಮುನ್ನೂರು ಜನ ಮಾತ್ರ ಎಂದು ಅವರು ಬರೆಯುತ್ತಾರೆ. ಮೂರರಲ್ಲಿ ಎರಡು ಪಾಲು ಜನ ಅಸ್ಪೃಶ್ಯರೆನಿಸಿಕೊಂಡವರು, ಇಲ್ಲವೇ ಭಿಕ್ಷುಕರು. ಉಳಿದವರು ಗತಿಯಿಲ್ಲದೆ ಅಲೆಯುವವರು, ಕುಲದಿಂದ ಹೊರಹಾಕಲ್ಪಟ್ಟವರು. ನಿಜವಾದ ನಂಬಿಕೆಯಿಂದ ಬಂದವರು ತಮ್ಮ ನೆನಪಿನಲ್ಲಿ ಒಬ್ಬರೂ ಇಲ್ಲ ಎಂದು ನಾಚಿಕೆಯಿಂದ ಹೇಳಿಕೊಳ್ಳುತ್ತಾರೆ. ಸೋತೆ ಎಂದು ಸ್ವತಃ ಬರೆದುಕೊಳ್ಳಲು ಧೈರ್ಯ ಬೇಕು. ಆ ಪ್ರಾಮಾಣಿಕತೆಗೆ ನಾವು ತಲೆಬಾಗಬೇಕು.

ಆದರೂ ಪ್ರಿಯ ಓದುಗರೇ, ಆ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ಮತ್ತೆ ಸಂತ ಲೂಕನ ಹದಿನೈದನೆಯ ಅಧ್ಯಾಯವನ್ನು ತೆರೆಯಿರಿ. ನಾವು ಎಷ್ಟೋ ಸಾರಿ ಕೇಳಿಯೂ ಗಮನಿಸದ ಒಂದು ಸಂಗತಿ ಅಲ್ಲಿದೆ. ಕೊಬ್ಬಿಸಿದ ಕರುವಿನ ಬಗ್ಗೆ ಮೊದಲು ತಕರಾರು ಎತ್ತಿದವರು ಮೈಸೂರು ಸೀಮೆಯ ಭಕ್ತಾದಿಗಳಲ್ಲ. ಸಾಮತಿಯ ಒಳಗೇ ಒಬ್ಬ ತಕರಾರು ಎತ್ತಿದ್ದಾನೆ. ಅವನೇ ಹಿರಿಯ ಮಗ. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ, ಕರು ಕೊಯ್ದಿದ್ದಾರೆಂದು ತಿಳಿದು, ಕೋಪಗೊಂಡು ಹೊರಗೇ ನಿಂತುಬಿಟ್ಟ. ತನಗೊಂದು ಆಡಿನ ಮರಿಯನ್ನೂ ಕೊಡದ ಅಪ್ಪ ಇಂಥವನಿಗೆ ಕರು ಕೊಯ್ಯಿಸಿದನಲ್ಲ ಎಂಬುದು ಅವನ ಸಂಕಟ. ಅವನ ತಕರಾರು ಮಾಂಸದ್ದಲ್ಲ. ಯಾರ ಪಕ್ಕದಲ್ಲಿ ಕುಳಿತು ಉಣ್ಣಬೇಕು ಎಂಬುದೇ ಅವನ ತಕರಾರು.

ಈಗ ದ್ಯುಬ್ವಾ ಅವರ ಭಕ್ತಾದಿಗಳ ಮಾತನ್ನು ಮತ್ತೊಮ್ಮೆ ಕೇಳಿ. ಅದರಲ್ಲಿ ಎರಡು ಎಳೆಗಳಿವೆ. ಒಂದು ಎಳೆ ಒಳ್ಳೆಯದು: ಗೋವನ್ನು ಪೂಜಿಸುವ ನೆರೆಯವರ ಮನಸ್ಸು ನೋಯದಂತೆ ಮಾತಾಡಬೇಕು ಎಂಬ ಎಚ್ಚರ. ಅದು ನಮ್ಮ ತಾಯಂದಿರು ಬೇರೆ ಬಾಣಲೆ ಇಡುವ ಎಚ್ಚರವೇ. ಸಂತ ಪೌಲರು ಕೂಡ ಸೋದರನಿಗೆ ಅಡ್ಡಿಯಾಗುವುದಾದರೆ ಮಾಂಸವನ್ನೇ ಬಿಡುವುದಾಗಿ ಕೊರಿಂಥದವರಿಗೆ ಬರೆದರಲ್ಲವೇ? ಆದರೆ ಇನ್ನೊಂದು ಎಳೆ ಕಹಿಯಾದದ್ದು: ಜನ ನಮ್ಮನ್ನು ಹೊಲಗೇರಿಯವರ ಜೊತೆ ಸೇರಿಸಿಬಿಟ್ಟಾರು ಎಂಬ ಅಂಜಿಕೆ. ಅದೇ ಪೀಠದ ಮುಂದೆ ಮೊಣಕಾಲೂರುವ, ಅದೇ ಪರಮಪ್ರಸಾದ ಸ್ವೀಕರಿಸುವ ತಮ್ಮ ಅಕ್ಕತಮ್ಮಂದಿರ ಹೆಸರೇ ಅವರಿಗೆ ಅವಮಾನವಾಗಿ ಕಂಡಿತು. ಹಿರಿಯ ಮಗ ನಿಂತಿದ್ದ ಜಾಗದಲ್ಲಿಯೇ ಅವರೂ ನಿಂತಿದ್ದರು.

ನಮ್ಮ ದೊಡ್ಡ ಸ್ವಾಮಿಯವರು ಎಲ್ಲಿ ನಿಂತಿದ್ದರು? ಗೌರವದಿಂದಲೇ ಈ ಪ್ರಶ್ನೆ ಕೇಳಬೇಕಾಗಿದೆ. ತನ್ನ ಬಳಿಗೆ ಬಂದವರು ಬಡವರು, ಹೊರಗಿಡಲ್ಪಟ್ಟವರು ಎಂಬುದನ್ನು ಅವರು ಸೋಲಿನ ಪಟ್ಟಿಯಲ್ಲಿ ಬರೆದರು. ಭಾರತದ ಜನರ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತ ಅವರ ಹೆಸರಾಂತ ಗ್ರಂಥದಲ್ಲಿ ಜಾತಿ ವ್ಯವಸ್ಥೆಯನ್ನೇ ಈ ದೇಶದ ಶಾಸನಕಾರರ ಶ್ರೇಷ್ಠ ಸಾಧನೆಯೆಂದು ಹೊಗಳಿದರು. ಆ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ತಮಗಿಂತ ಮುಂಚೆ ಪಾಂಡಿಚೇರಿಯಲ್ಲಿದ್ದ ಯೇಸುಸಭೆಯ ಗುರು ಕೊರ್ದೂ ಅವರ ಬರಹವನ್ನು ಆಧರಿಸಿದ್ದೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಮಹನೀಯರ ಬಾಳು ಹೇಳುವಾಗ ಇಂಥ ಮಾತುಗಳನ್ನು ಮುಚ್ಚಿಡಬೇಕಾಗಿಲ್ಲ. ಸಂತರ ಪಾಪನಿವೇದನೆಗಳನ್ನು ಓದಿ ಬೆಳೆದವರು ನಾವು.

ಹಿಂತಿರುಗಿದ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲಿ ಅಪ್ಪಿಕೊಂಡವರೂ ಅವರೇ. ಸಾತಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಊರು ಕಟ್ಟಿಕೊಟ್ಟವರೂ ಅವರೇ. ತೋಳಿನಿಂದ ತೋಳಿಗೆ ದಾಕು ಹಾಯಿಸಿ ಕುಲದ ಗೋಡೆಗಳನ್ನು ಸದ್ದಿಲ್ಲದೆ ದಾಟಿದವರೂ ಅವರೇ. ಕೈಗಳು ತಂದೆಯ ಕೆಲಸ ಮಾಡಿದವು. ಲೆಕ್ಕ ಬರೆಯಲು ಕುಳಿತಾಗ ಮಾತ್ರ ಲೇಖನಿ ಹಿರಿಯ ಮಗನದಾಯಿತು. ಅವರು ನಾಚಿಕೊಂಡು ಬರೆದ ಆ ಪಟ್ಟಿ, ಯೇಸುಸ್ವಾಮಿಯ ಔತಣದ ಇನ್ನೊಂದು ಸಾಮತಿಯಲ್ಲಿ ಬೀದಿ ಸಂದಿಗಳಿಂದ ಕರೆತಂದವರ ಪಟ್ಟಿಯೇ ಅಲ್ಲವೇ? ಅವರು ಭವಿಷ್ಯವಿಲ್ಲ ಎಂದು ಹೇಳಿ ಹೋದ ಅದೇ ಶತಮಾನ ಮುಗಿಯುವ ಮುನ್ನ ದಕ್ಷಿಣ ಭಾರತದ ಎಷ್ಟೋ ಕಡೆ ಅಂಥ ಬಡವರೇ, ತುಳಿತಕ್ಕೊಳಗಾದವರೇ ಗುಂಪುಗುಂಪಾಗಿ ಬಂದು ಧರ್ಮಸಭೆಯನ್ನು ತುಂಬಿದರು. ನಮ್ಮಲ್ಲಿ ಅನೇಕರು ಅವರ ಮರಿಮಕ್ಕಳು.

ಫ್ರಾನ್ಸಿಗೆ ಮರಳಿದ ದ್ಯುಬ್ವಾ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿಯೇ ಉಳಿದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ವಿಚಿತ್ರ ನೋಡಿ: ಭಾರತದಲ್ಲಿ ಕೆಲಸ ಸಾಗದು ಎಂದು ಬರೆದವರೇ ಏಷ್ಯಾದ ದೇಶಗಳಿಗೆ ಹೋಗುವ ಯುವಗುರುಗಳನ್ನು ಸಿದ್ಧಪಡಿಸುವ ಮನೆಯ ಹಿರಿಯರಾದರು. ಸೋತೆ ಎಂದುಕೊಂಡವರು ಕೈಚೆಲ್ಲಿ ಕೂರಲಿಲ್ಲ. ಅವರು ತೀರಿಕೊಂಡದ್ದು 1848ರ ಫೆಬ್ರವರಿ 17ರಂದು.

ಇನ್ನು ನಮ್ಮ ಮನೆಯ ಮಾತು. ಪಕ್ಕದ ಮನೆಗೆ ಬೇರೆ ಬಾಣಲೆಯಲ್ಲಿ ಕರಿದು ಕಳುಹಿಸುವ ತಾಯಿಯನ್ನು ದೇವರು ಆಶೀರ್ವದಿಸಲಿ. ಆ ಪದ್ಧತಿ ಬಿಡಬೇಡಿ, ಮಕ್ಕಳಿಗೂ ಕಲಿಸಿ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಬೆಳಿಗ್ಗೆ ನಮ್ಮ ಬೀದಿಯ ಕಸ ಎತ್ತುವ ತಾಯಿಯ ಮನೆಗೂ ನಿಮ್ಮ ತಟ್ಟೆ ಹೋಗುತ್ತದೆಯೇ? ಹೋದರೆ ಅದೇ ಸ್ಟೀಲಿನ ತಟ್ಟೆಯೋ, ಇಲ್ಲ ಬಿಸಾಡುವ ಪೇಪರಿನ ತಟ್ಟೆಯೋ? ಅವಳ ಮನೆಯಿಂದ ಬಂದ ತಿಂಡಿಯನ್ನು ನಿಮ್ಮ ಮನೆಯಲ್ಲಿ ತಿನ್ನುತ್ತಾರೆಯೇ? ಮಗನಿಗೆ ಹೆಣ್ಣು ನೋಡುವಾಗ, ದೇವಾಲಯದಲ್ಲಿ ಪಕ್ಕದ ಬೆಂಚಿನಲ್ಲಿ ಪ್ರಾರ್ಥಿಸುವವರ ಬಗ್ಗೆ ಅವರು ಯಾವ ಕಡೆಯವರು ಎಂದು ಮೆಲ್ಲನೆ ವಿಚಾರಿಸುತ್ತೀರೇ? ಒಂದು ಕಾಲದಲ್ಲಿ ನಮ್ಮ ನಾಡಿನ ದೇವಾಲಯಗಳಲ್ಲೇ ಕುಲಕ್ಕೊಂದು ಸಾಲು ಇತ್ತು. ಸಾಲುಗಳು ಹೋದವು. ಮನಸ್ಸಿನೊಳಗಿನ ಸಾಲು ಹೋಗಿದೆಯೇ?

ನೆರೆಯವರ ಪ್ರೀತಿಗಾಗಿ ಔತಣದ ಅಡುಗೆ ಬದಲಾಗಬಹುದು. ಕರುವಿನ ಬದಲು ಕಜ್ಜಾಯವಾದರೂ ತಂದೆಗೆ ಬೇಸರವಿಲ್ಲ. ಆದರೆ ಪಂಕ್ತಿಭೇದವನ್ನು ಅವನು ಒಪ್ಪುವುದಿಲ್ಲ. ಆ ಸಾಮತಿಯ ಕೊನೆಯಲ್ಲಿ ತಂದೆ ಒಳಗೆ ಊಟಕ್ಕೆ ಕುಳಿತಿಲ್ಲ. ಹೊರಗೆ ಬಂದು ಹಿರಿಯ ಮಗನ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದಾನೆ. ಮಗ ಒಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸುಸ್ವಾಮಿ ಹೇಳಲಿಲ್ಲ. ಅದನ್ನು ನಿಮಗೂ ನನಗೂ ಬಿಟ್ಟಿದ್ದಾರೆ.

ಮುಂದಿನ ಸಾರಿ ಶಿವಾಜಿನಗರದ ಮಾತೆಯ ಬಳಿಗೆ ಹೋದಾಗ, ಅಲ್ಲಿ ಮೊದಲ ಚಿಕ್ಕ ಗುಡಿಗೆ ಕಾರಣರಾದ ಆ ರುಮಾಲಿನ ಗುರುಗಳನ್ನು ನೆನೆದು ಒಂದು ನಮೋ ಮರಿಯ ಜಪ ಹೇಳಿ. ಆಮೇಲೆ ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ, ಅವರಿಗೂ ಒಂದಿಷ್ಟು ಜಾಗ ಮಾಡಿಕೊಡಿ.